ನಿಂತ ಹಿಡಿತ
(ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ಶಾಲೆಯ ಹುಡುಗರನ್ನು ಗರಡಿಗೆ ಕಳುಹಿಸಬೇಕೆನ್ನುವವರು ನಮ್ಮಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಅಲ್ಲಿ ಮೊದಲು ಏನನ್ನು ಕಲಿಸತಕ್ಕದ್ದೆಂದು ವಿಚಾರಿಸುವವರು ವಿರಳ. ಹುಡುಗನು ಮಣ್ಣಿಗಿಳಿದ ದಿನವೇ ಧೋಬಿ ಪಟ್ಟನ್ನು ಕೇಳುತ್ತಾನೆ. ಎದುರಾಳಿಯನ್ನು ಬೆನ್ನ ಮೇಲಿಂದೆತ್ತಿ ಕೆಡಹುವ ಆ ಪಟ್ಟು ನೋಟಕ್ಕೆ ಸೊಗಸೇ ಸರಿ. ಆದರೆ ಎದುರಾಳಿಯನ್ನು ನಿಂತಲ್ಲಿ ಹಿಡಿದಿಡಲಾರದವನು ಅದಕ್ಕೆ ಕೈಹಾಕಿದರೆ ಇಬ್ಬರೂ ಅಡ್ಡಾದಿಡ್ಡಿಯಾಗಿ ಉರುಳುವರು. ಕತ್ತು ಉಳುಕುವುದೂ ಹೆಗಲ ಮೂಳೆ ಮುರಿಯುವುದೂ ಇಂತಹ ಬೀಳುವಿಕೆಯಲ್ಲಿಯೇ. ಆದುದರಿಂದ ಮೊದಲ ಕೆಲವು ವಾರ ನಿಂತ ಹಿಡಿತವೊಂದನ್ನೇ ಸಾಧಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಿಡಿತಕ್ಕೆ ಕಾಲೇ ಆಧಾರ. ಒಂದು ಪಾದ ಮುಂದೆ, ಮೊಣಕಾಲು ತುಸು ಬಾಗಿ, ಬೆನ್ನು ನೆಟ್ಟಗೆ ಇರಲಿ. ಬಲಗೈಯನ್ನು ಎದುರಾಳಿಯ ಹಿಂದಲೆಯ ಬುಡದಲ್ಲಿಟ್ಟು, ಮೊಣಕೈಯನ್ನು ಅವನ ಎದೆಗೆ ತಾಗುವಂತೆ ಇಳಿಸಬೇಕು. ಮೊಣಕೈ ಹೊರಚಾಚಿತೆಂದರೆ ಅದನ್ನು ಮೇಲಕ್ಕೆ ತಳ್ಳಿ ಅವನು ಕಂಕುಳಡಿ ನುಸುಳುವನು. ಎಡಗೈಯು ಅವನ ಬಲ ಮಣಿಕಟ್ಟನ್ನೋ ತೋಳಿನ ಒಳಮಡಿಕೆಯನ್ನೋ ಕಾಯುತ್ತಿರಲಿ. ನಮ್ಮ ಹಣೆ ಅವನ ಹಣೆಯ ಪಕ್ಕಕ್ಕೆ ಒತ್ತಿರಬೇಕು. ತಲೆ ತಗ್ಗಿಸಿದವನ ಕತ್ತು ಪರಾಧೀನ.

ತೋಳ್ಬಲದಿಂದ ಎಳೆಯುವ ಹುಡುಗನು ಬೇಗ ದಣಿಯುತ್ತಾನೆ. ಕೈಯನ್ನು ಹಾಗೆಯೇ ಬಿಗಿದಿಟ್ಟು ತಾನು ಓರೆಯಾಗಿ ಹಿಂದಕ್ಕೆ ಹೆಜ್ಜೆಯಿಟ್ಟರೆ, ತನ್ನ ಮೈಭಾರವೇ ಆ ಕೆಲಸವನ್ನು ಮಾಡುವುದು. ಎದುರಾಳಿಯು ತೂಕ ತಪ್ಪಿ ಕಾಲನ್ನು ಮುಂದಿಡಲೇಬೇಕು. ಆ ಕಾಲು ನೆಲವೂರುವ ಕ್ಷಣವೇ ಮುಂದಿನ ಪಟ್ಟಿಗೆ ಸಮಯ. ಒಂದು ವೇಳೆ ಅವನ ಕೈಯೇ ನಮ್ಮ ಕಂಕುಳಡಿ ಹೊಕ್ಕರೆ ಗಾಬರಿಪಡತಕ್ಕದ್ದಿಲ್ಲ. ಅದನ್ನು ಮೇಲಿನಿಂದ ಬಿಗಿದು, ಸೊಂಟವನ್ನು ಹಿಂದೆ ಸರಿಸಿ, ನಮ್ಮ ಕೈಯನ್ನು ಮತ್ತೆ ಒಳಕ್ಕೆ ತೂರಿಸಬೇಕು.

ಈಗ ಕುಸ್ತಿಯು ಚಾಪೆಗೆ ಬಂದಿದೆಯಲ್ಲ, ಗರಡಿಯ ಪಾಠ ಅಲ್ಲಿ ನಡೆದೀತೆ ಎನ್ನುವವರುಂಟು. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ 57 ಕಿಲೋಗ್ರಾಂ ವರ್ಗದ ಕಂಚಿನ ಪದಕವನ್ನು ಪಡೆದ ಖಾಶಾಬಾ ಜಾಧವರು ಮಣ್ಣಿನಲ್ಲಿಯೇ ಬೆಳೆದವರು.

ಜೋಡಿ ಕಟ್ಟುವಾಗ ಮಾತ್ರ ದಾಕ್ಷಿಣ್ಯ ಕೂಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮಲ್ಲರನ್ನು ವಯಸ್ಸು, ಬಲಗಳಿಗನುಸಾರವಾಗಿ ವಿಂಗಡಿಸಿದ್ದಾನೆ. ಬಹುಮಾನದಾಸೆಗೆ ಎಳೆಯನನ್ನು ಬಲಿತವನೆದುರು ನಿಲ್ಲಿಸುವ ಜಾತ್ರೆಯ ಹಿರಿಯರಿಗೆ ಇದು ತಿಳಿಯದು, ತಮಗೆ ತಿಳಿದಿರಲಿ. ಸಮಜೋಡಿಗೆ ಎರಡೆರಡು ನಿಮಿಷ ಕೊಟ್ಟು, ಕೆಡಹುವುದನ್ನು ನಿಷೇಧಿಸಿ, ಹಿಡಿತವನ್ನು ಕೊಳ್ಳುವುದು, ಬಿಡಿಸಿಕೊಳ್ಳುವುದು ಇಷ್ಟನ್ನೇ ಮಾಡಿಸಿರಿ. ಗಂಟಲೊತ್ತುವುದಕ್ಕೂ ಒಂಟಿ ಬೆರಳನ್ನು ತಿರುಚುವುದಕ್ಕೂ ಅವಕಾಶವೀಯಬೇಡಿರಿ. ಯಾವನದಾದರೂ ತಲೆ ಎದೆಗಿಂತ ಕೆಳಗಿಳಿದರೆ ಒಡನೆಯೇ ನಿಲ್ಲಿಸಿ, ಅವನನ್ನು ಮೊದಲಿನಂತೆ ನಿಲ್ಲಿಸಿರಿ.