ಭದ್ರಾವತಿ: ಕಬ್ಬಿಣದ ಊರು ಕಲಿಸುವ ಪಾಠ

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

 

ನಮ್ಮ ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಆ ಹೆಸರಿಗೆ ತಕ್ಕಂತೆ 1923ರ ಜನವರಿಯಲ್ಲಿ ಭದ್ರಾ ನದಿಯ ದಡದಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಮಲೆನಾಡಿನಲ್ಲಿ ಸೌದೆಯಿತ್ತು, ಹೊಳೆಯಲ್ಲಿ ನೀರಿತ್ತು. ಕಲ್ಲಿದ್ದಲು ದೂರವಿದ್ದುದರಿಂದ ಸೌದೆಯನ್ನು ಇದ್ದಿಲು ಮಾಡಿ ಅದಿರನ್ನು ಕರಗಿಸಿದರು.

ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾದರು. ನಮ್ಮ ನಾಡಿನ ಯುವಕರನ್ನೇ ತರಬೇತುಗೊಳಿಸಿ ಕೆಲಸಕ್ಕೆ ಹಚ್ಚಿದರು. ಇಲ್ಲಿ ತಮಗೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಟ್ಟರು. ಗಮನಿಸಿ, ಕಬ್ಬಿಣದಿಂದ ಬಂದ ಹಣ ಶಾಲೆಯಾಯಿತು!

1926ರಿಂದ 1941ರವರೆಗೆ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಕಾಲದಲ್ಲೇ, 1936ರಲ್ಲಿ, ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಅರಸಿ ಬಂದ ಕನ್ನಡ, ಉರ್ದು, ತಮಿಳು, ತೆಲುಗು ಮಾತಿನ ಜನ ಒಂದೇ ಪಾಳಿಯಲ್ಲಿ ದುಡಿದರು, ಒಂದೇ ಬೀದಿಯಲ್ಲಿ ಬಾಳಿದರು. ಈ ಊರಿನ ಸ್ವಭಾವ ರೂಪುಗೊಂಡದ್ದು ಹೀಗೆ.

ಆದರೆ ಕಾಲ ಬದಲಾಯಿತು. ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರಕ್ಕೆ ಸೇರಿತು. 2015ರ ಹೊತ್ತಿಗೆ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ, ಶತಮಾನ ತುಂಬಿದ ತಿಂಗಳಲ್ಲೇ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಹೋರಾಟಕ್ಕಿಳಿದರು.

ನನ್ನ ತರಗತಿಯ ಹುಡುಗನೊಬ್ಬನ ದಾದಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಂದೆ ಆಟೋ ಓಡಿಸುತ್ತಾರೆ. “ಎಸ್ಸೆಸ್ಸೆಲ್ಸಿ ಸಾಕು ಸರ್, ಗ್ಯಾರೇಜಿಗೆ ಸೇರುತ್ತೇನೆ” ಎಂದ. ದುಡಿಮೆ ಯಾವುದೂ ಕೀಳಲ್ಲ. ಆದರೆ ಅವನಿಗೆ ಡಿಪ್ಲೊಮಾ ಎಂಬ ದಾರಿಯೂ ಇದೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಶಿಕ್ಷಕನಾದ ನಾನೂ ತಡವಾಗಿ ಹೇಳಿದೆ. ಅದು ನನ್ನ ತಪ್ಪು.

ಪೋಷಕರೇ, ಅಜ್ಜನಿಗೆ ಕೆಲಸ ಕೊಟ್ಟ ಗೇಟು ಮೊಮ್ಮಗನಿಗೂ ತೆರೆಯುತ್ತದೆಂದು ಕಾಯಬೇಡಿ. ಹತ್ತನೆಯ ತರಗತಿಯ ನಂತರ ಒಂದು ಮಗುವೂ, ಹೆಣ್ಣಾಗಲಿ ಗಂಡಾಗಲಿ, ಓದು ಬಿಡದಂತೆ ನೋಡಿಕೊಳ್ಳೋಣ. ಫಲಿತಾಂಶ ಬಂದ ವಾರವೇ ನಾವು ಶಿಕ್ಷಕರು ಮನೆ ಮನೆಗೆ ಬರುತ್ತೇವೆ. ಅರ್ಜಿ, ವಿದ್ಯಾರ್ಥಿವೇತನ, ಹಾಸ್ಟೆಲ್ಲಿನ ವಿಚಾರ ಕೂತು ಮಾತಾಡೋಣ.

ಕುಲುಮೆಯ ಬೆಂಕಿ ಆರಬಹುದು. ಕಲಿತ ವಿದ್ಯೆ ಆರುವುದಿಲ್ಲ. ಅಲ್ಲಾಹನು ನಮ್ಮ ಪ್ರಯತ್ನಕ್ಕೆ ಬರಕತ್ ನೀಡಲಿ.