ಡಾಂಬರು ಯಾವ ಗ್ರೇಡು ಸ್ವಾಮಿ?

ಹೋದ ಮಳೆಗಾಲದಲ್ಲಿ ಇದೇ ಕುರ್ಚಿಯಲ್ಲಿ ಕೂತು, ಜಲ್ಲಿ ಎದ್ದ ಒಂದು ಹೊಸ ರಸ್ತೆ ತೋರಿಸಿ, "ಕಳಪೆ ಡಾಂಬರು, ಕಳಪೆ ಡಾಂಬರು" ಅಂತ ಹತ್ತು ಸಲ ಕೂಗಿದ್ದೆ. ಮಾರನೇ ದಿನ ಕಾಲೇಜಿನ ಗೆಳೆಯ ಫೋನ್ ಮಾಡಿದ. ರಸ್ತೆ ಕೆಲಸದಲ್ಲೇ ಇರೋನು. "ನೀನೂ ಸಿವಿಲ್ ಓದಿದ್ದೀಯಲ್ಲೋ, ಯಾವ ಗ್ರೇಡ್ ಅಂತ ಕೇಳಿದ್ಯಾ?" ಅಂದ. ಕೇಳಿರಲಿಲ್ಲ.

ನಮ್ಮ ಲ್ಯಾಬ್‌ನಲ್ಲಿ 25 ಡಿಗ್ರಿಯ ಡಾಂಬರಿನ ಮೇಲೆ 100 ಗ್ರಾಂ ಭಾರದ ಸೂಜಿಯನ್ನು 5 ಸೆಕೆಂಡ್ ಬಿಡ್ತಿದ್ವಿ. 6ರಿಂದ 7 ಮಿಲಿಮೀಟರ್ ಇಳಿದರೆ 60/70, 8ರಿಂದ 10 ಇಳಿದರೆ 80/100. ಆದರೆ ಬೇಸಿಗೆ ಮಧ್ಯಾಹ್ನ ರಸ್ತೆ 25 ಡಿಗ್ರಿಯಲ್ಲಿ ಇರುತ್ತಾ? ಬರಿಗಾಲಲ್ಲಿ ನಿಂತು ನೋಡಿ! ಅದಕ್ಕೇ 2006ರಲ್ಲಿ ಐಎಸ್ 73 ಮಾನಕ ಬದಲಾಯಿತು. 60 ಡಿಗ್ರಿಯಲ್ಲಿ ಡಾಂಬರು ಎಷ್ಟು ಮಂದವಾಗಿ ಹರಿಯುತ್ತದೆ ಅನ್ನೋದೇ ಈಗ ಅಳತೆ. ವಿಜಿ-10, 20, 30, 40. ಸಂಖ್ಯೆ ಏರಿದಷ್ಟೂ ಗಟ್ಟಿ. ವಿಜಿ-30ಕ್ಕೆ ಕನಿಷ್ಠ 2400 ಪಾಯಿಸ್, ವಿಜಿ-40ಕ್ಕೆ 3200. ರಾಯಚೂರಿನ ಬಿಸಿಲಲ್ಲಿ, ಲೋಡ್ ಲಾರಿಗಳು ನಿಂತು ನಿಂತು ಹೋಗೋ ಕಡೆ ಮೆದು ಡಾಂಬರು ಹಾಕಿದರೆ ಗಾಲಿಯ ಜಾಡು ಬೀಳುತ್ತದೆ. ತೀರಾ ಚಳಿಯ ಊರಿಗೆ ಗಟ್ಟಿಯದು ಹಾಕಿದರೆ ಬಿರುಕು. (ನಾವು ಟಾರು ಅಂತೀವಲ್ಲ, ಅದು ಕಲ್ಲಿದ್ದಲಿನಿಂದ ಬರೋದು. ಈಗ ರಸ್ತೆಗೆ ಹಾಕೋದು ಕಚ್ಚಾ ತೈಲ ಸಂಸ್ಕರಿಸಿದಾಗ ತಳದಲ್ಲಿ ಉಳಿಯೋ ಬಿಟುಮೆನ್. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತೆ.)

ಗೆಳೆಯನ ಮಾತು ಕೇಳಿ ಆ ರಸ್ತೆಯ ಕಾಗದ ತರಿಸಿ ನೋಡಿದೆ. ವಿಜಿ-30. ಪರೀಕ್ಷೆಯ ವರದಿಯೂ ಸರಿಯಿತ್ತು! ಹಾಗಾದರೆ ಕಿತ್ತು ಬಂದಿದ್ದು ಯಾಕೆ? ಎದುರಿನ ಅಂಗಡಿಯವರು ಹೇಳಿದರು: "ರಾತ್ರಿ ಹನಿ ಮಳೇಲಿ ತಂದು ಸುರಿದ್ರು ಸಾರ್. ಹೊಗೆನೇ ಬರ್ತಿರ್ಲಿಲ್ಲ."

ಅಲ್ಲಿದೆ ನೋಡಿ ವಿಷಯ. ವಿಜಿ-30ರ ಮಿಶ್ರಣವನ್ನು 150ರಿಂದ 165 ಡಿಗ್ರಿಯಲ್ಲಿ ಕಲಸಬೇಕು. ಹಾಸುವಾಗ 140ಕ್ಕಿಂತ ಕಮ್ಮಿ ಇರಬಾರದು. 90ಕ್ಕೆ ಇಳಿಯೋದರೊಳಗೆ ರೋಲರ್ ಕೆಲಸ ಮುಗೀಬೇಕು. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, ಮೇಲೆ ಟಾರ್ಪಾಲು ಇಲ್ಲದಿದ್ದರೆ, ಮಿಶ್ರಣ ಆರುತ್ತದೆ. ಆರಿದ ಮೇಲೆ ಎಷ್ಟು ಉರುಳಿಸಿದರೂ ಒಳಗೆ ಸಂದು ಉಳಿಯುತ್ತೆ. ಸಂದಿಗೆ ನೀರು ಇಳಿಯುತ್ತೆ, ಜಲ್ಲಿಯಿಂದ ಡಾಂಬರನ್ನ ಬಿಡಿಸುತ್ತೆ. ಅದರ ಮೇಲೆ ಬೀಳೋದು ಬೈಕ್ ಸವಾರ.

ಡಾಂಬರು ಕಳಪೆ ಅಂದಿದ್ದನ್ನ ನಾನು ವಾಪಸ್ ತಗೋತೀನಿ. ಕೆಲಸ ಕಳಪೆ ಅನ್ನೋದನ್ನ ತಗೊಳ್ಳಲ್ಲ.

ಮೊನ್ನೆ ನಮ್ಮ ಬೀದಿಗೇ ಡಾಂಬರು ಲಾರಿ ಬಂತು. ಹೋಗಿ ಗ್ರೇಡ್ ಕೇಳಿದೆ. ಸೂಪರ್‌ವೈಸರ್ ಥಟ್ಟನೆ ವಿಜಿ-30 ಅಂದರು. ಥರ್ಮಾಮೀಟರ್ ಎಲ್ಲಿ ಅಂದೆ. ಎರಡೂ ಜೇಬು ಮುಟ್ಟಿ ನೋಡಿಕೊಂಡರು.

"ಆಫೀಸಲ್ಲಿದೆ ಸಾರ್."