ಒಂದೇ ಅಂಗಡಿ, ಎರಡು ಉಪವಾಸ

ಶಿವರಾತ್ರಿಯ ಹಿಂದಿನ ಸಂಜೆ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿ ನೋಡಿ. ಅನ್ನ ಬಿಟ್ಟು ಹಣ್ಣು-ಹಾಲಿನಲ್ಲಿ ವ್ರತ ಮಾಡುವವರು ಬಾಳೆ, ದ್ರಾಕ್ಷಿ ಕೊಳ್ಳುತ್ತಿರುತ್ತಾರೆ. ಮಾರುವವರಲ್ಲಿ ಅನೇಕರು ಮುಸ್ಲಿಮರು. 1933ರಲ್ಲಿ ಉದ್ಘಾಟನೆಯಾದ ಈ ಮಾರುಕಟ್ಟೆಗೆ ಇದು ಹೊಸತಲ್ಲ.

2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಂತು. ರಂಜಾನ್ ಉಪವಾಸ 12ಕ್ಕೆ ಆರಂಭವಾಯಿತು. 2025ರಲ್ಲಿ ಫೆಬ್ರುವರಿ 26 ಮತ್ತು ಮಾರ್ಚ್ 2. ಎರಡು ವರ್ಷವೂ ನಾಲ್ಕೇ ದಿನದ ಅಂತರ. ಕಾರಣ ಸರಳ. ಶಿವರಾತ್ರಿ ಮಾಘ ಬಹುಳ ಚತುರ್ದಶಿ, ಮುಂದೆ ಅಮಾವಾಸ್ಯೆ, ಅದು ಕಳೆದು ಎಳೆಚಂದ್ರ ಕಂಡಾಗ ರಂಜಾನ್.

ಈ ನೆರೆತನ ಪ್ರತಿವರ್ಷದ್ದಲ್ಲ. ನಮ್ಮ ಪಂಚಾಂಗ ಸುಮಾರು 32-33 ತಿಂಗಳಿಗೊಮ್ಮೆ ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಕೊಳ್ಳುತ್ತದೆ. ಹಿಜರಿಯಲ್ಲಿ ಅಧಿಕಮಾಸವಿಲ್ಲ, ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಚಂದ್ರ ಒಬ್ಬನೇ, ಲೆಕ್ಕ ಎರಡು.

2022ರ ಏಪ್ರಿಲ್‌ನಲ್ಲಿ, ಮುಸ್ಲಿಂ ವ್ಯಾಪಾರಿಗಳ ಬಳಿ ಹಣ್ಣು ಕೊಳ್ಳಬೇಡಿ ಎಂಬ ಕರೆ ನಮ್ಮ ರಾಜ್ಯದಲ್ಲಿ ಕೇಳಿಬಂತು. 'ಉಪವಾಸ' ಎಂದರೆ ಹತ್ತಿರ ವಾಸಿಸುವುದು. ದೇವರ ಹತ್ತಿರ ಎಂದು ಹಿರಿಯರು ಅರ್ಥ ಹೇಳಿದ್ದಾರೆ. ಹಣ್ಣು ಕೊಡುವ ಕೈಯನ್ನು ದೂರವಿಟ್ಟು ದೇವರ ಹತ್ತಿರ ಹೋಗಲು ಹೊರಟರೆ, ಉಳಿಯುವುದು ಬರಿಯ ಹಸಿವು.